ಸಾಹೇಬರ ಹಿತ್ತಿಲಲ್ಲಿ ಭಾನುವಾರದ ಪಾಠ

೨೦೦೬ನೇ ಇಸವಿ. ನಾನಾಗ ಅಂಕೋಲಾ ತಾಲೂಕಿಗೆ ಸ್ಪೀಚ್ ಥೆರಪಿಸ್ಟ್. ಸರ್ಕಾರಿ ಅನುದಾನದ ಒಂದು ಯೋಜನೆಯಲ್ಲಿ ಗುತ್ತಿಗೆಯ ಕೆಲಸ. ಮನೆ ಕಾರವಾರದಲ್ಲಿ, ವಾರಕ್ಕೆ ಮೂರು ದಿನ ಒಂದು ತಾಸು ಬಸ್ಸಿನಲ್ಲಿ ಕುಳಿತು ಅಂಕೋಲೆಗೆ ಹೋಗುತ್ತಿದ್ದೆ. ನನಗೆ ಕೊಟ್ಟ ಕೋಣೆಯ ಅರ್ಧ ಭಾಗವನ್ನು ಮುರಿದ ಬೆಂಚುಗಳು ಆಕ್ರಮಿಸಿದ್ದವು. ಉಳಿದ ಅರ್ಧದಲ್ಲಿ ನಾನು, ಒಂದು ಕಪಾಟು, ಒಂದು ರಜಿಸ್ಟರು ಮತ್ತು ಹಸಿರು ಪ್ಲಾಸ್ಟಿಕ್ ಕಟ್ಟಿನ ಅಂಗೈಯಗಲದ ಕನ್ನಡಿ.

ಯೋಜನೆಯ ತಾಲೂಕು ಅಧಿಕಾರಿಯನ್ನು ಇಲ್ಲಿ ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಹೆಸರು ಹೇಳುವಷ್ಟು ದೊಡ್ಡ ಮನುಷ್ಯರೇನಲ್ಲ.

ಜುಲೈ ತಿಂಗಳಲ್ಲಿ ಹಾರವಾಡದ ನಾಗವೇಣಿ ಎಂಬಾಕೆ ಏಳು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಗಂಡ ಟ್ರಾಲರ್ ದೋಣಿಯಲ್ಲಿ ದುಡಿಯುವವನು, ಇವಳು ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಮಗಳು ಸ್ನೇಹಾ ಹುಟ್ಟುವಾಗಲೇ ಅಂಗುಳ ಸೀಳಿತ್ತು. ಯಾವುದೋ ಉಚಿತ ಶಿಬಿರದಲ್ಲಿ ಹೊಲಿಗೆ ಹಾಕಿಸಿದ್ದರು. ಹೊಲಿಗೆ ಚೆನ್ನಾಗಿಯೇ ಕೂಡಿತ್ತು. ಆದರೆ ಹೊಲಿದ ಮಾತ್ರಕ್ಕೆ ಮಾತು ಬರುವುದಿಲ್ಲ. ಪ, ಬ, ತ, ಸ ಇವಕ್ಕೆಲ್ಲ ಬಾಯೊಳಗೆ ಗಾಳಿ ಕಟ್ಟಬೇಕು. ಈ ಮಕ್ಕಳಿಗೆ ಗಾಳಿಯನ್ನು ಮೂಗಿನಿಂದ ಬಿಟ್ಟೇ ರೂಢಿ. ಮೂಗಿನ ಕೆಳಗೆ ಕನ್ನಡಿ ಹಿಡಿದು ‘ಪಾಪು’ ಅನ್ನಿಸಿದರೆ ಗೊತ್ತಾಗುತ್ತದೆ. ಗಾಳಿ ಸೋರಿದರೆ ಕನ್ನಡಿ ಮಂಜಾಗುತ್ತದೆ. ಸ್ನೇಹಾಳ ಉಸಿರಿಗೆ ನನ್ನ ಕನ್ನಡಿ ಪೂರ್ತಿ ಮಂಜಾಯಿತು. ತಿದ್ದಬಹುದಾದ ದೋಷ, ಆದರೆ ಬೇಗ ಶುರು ಮಾಡಬೇಕು, ದಿನ ಹೋದಂತೆ ತಪ್ಪು ರೂಢಿ ಗಟ್ಟಿಯಾಗುತ್ತದೆ. ಹಾಗಂತ ನಾನೇ ನಾಗವೇಣಿಗೆ ವಿವರಿಸಿ ಹೇಳಿದೆ.

ಅಡ್ಡಿ ಬಂದದ್ದು ಫಾರಂ ತುಂಬುವಾಗ. ಹುಡುಗಿ ಓದುತ್ತಿದ್ದದ್ದು ಪೇಟೆಯ ಖಾಸಗಿ ಶಾಲೆಯ ಎರಡನೇ ವರ್ಗದಲ್ಲಿ. ಊರ ಶಾಲೆಯಲ್ಲಿ ಮಕ್ಕಳು ಅಣಕಿಸಿ ಅಣಕಿಸಿ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಕ್ಕೆ ತಾಯಿ ಅಲ್ಲಿಂದ ಬಿಡಿಸಿ ಇಲ್ಲಿಗೆ ಹಾಕಿದ್ದಳು. ಸುತ್ತೋಲೆಯ ಪ್ರಕಾರ ಥೆರಪಿ ಸರ್ಕಾರಿ ಶಾಲೆಯ ಮಕ್ಕಳಿಗೆ. ಉಳಿದವರ ವಿಷಯ ತಾಲೂಕು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ನಾನು ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟೆ. ಅವರು ಅದನ್ನು ಓದುವ ಶ್ರಮ ತೆಗೆದುಕೊಳ್ಳಲಿಲ್ಲ.

“ಫೀ ಕಟ್ಲಿಕ್ಕೆ ದುಡ್ಡುಂಟು, ಥೆರಪಿಗೆ ಇಲ್ವಾ? ಸರ್ಕಾರಿ ಶಾಲೆಗೆ ಹಾಕ್ಲಿ, ನಾಳೆಯಿಂದ್ಲೇ ಶುರು ಮಾಡಿ” ಎಂದರು.

ಆಮೇಲೆ ಬಡವರ ತೆರಿಗೆ, ಸರ್ಕಾರದ ಧ್ಯೇಯ ಅಂತ ಕಾಲು ತಾಸು ಭಾಷಣ. ನಾನು ತಲೆಯಾಡಿಸಿದೆ. ದುಡ್ಡು ಕೊಟ್ಟು ಮಾಡಿಸೋಣವೆಂದರೆ ಥೆರಪಿಸ್ಟ್ ಇದ್ದದ್ದು ಹುಬ್ಬಳ್ಳಿಯಲ್ಲಿ. ವಾರಕ್ಕೆರಡು ಸಲ ಅಲ್ಲಿಗೆ ಹೋಗುವವಳು ಮೀನು ಮಾರುವುದು ಯಾವಾಗ? ‘ನಿಯಮ ಹಾಗಿದೆಯಮ್ಮ, ನನ್ನ ಕೈಯಲ್ಲಿಲ್ಲ’ ಎಂದು ನಾಗವೇಣಿಯನ್ನು ಕಳಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯ ಪಕ್ಕದಲ್ಲಿ ಗಂಟೆ ಬಾರಿಸುತ್ತ ನಿಂತವಳು ನಾನು.

ಅದೇ ತಿಂಗಳ ಕೊನೆಗೆ ಸಾಹೇಬರು ನನ್ನನ್ನು ಕರೆಸಿ ದನಿ ತಗ್ಗಿಸಿ ಮಾತಾಡಿದರು. ಅವರ ಮಗಳಿಗೆ ‘ರ’ ಬರುತ್ತಿರಲಿಲ್ಲವಂತೆ, ‘ಲ’ ಅನ್ನುತ್ತಿದ್ದಳಂತೆ. ಫೆಬ್ರವರಿಯಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಪದ್ಯ ಹೇಳುವುದಿತ್ತು, ಅಷ್ಟರಲ್ಲಿ ಸರಿಯಾಗಬೇಕಿತ್ತು. ಬಿಟ್ಟರೆ ತಾನಾಗಿಯೇ ಸರಿಹೋಗುವಂಥ ತೊದಲು ಅದು. ಆ ಹುಡುಗಿ ಓದುತ್ತಿದ್ದದ್ದೂ ಪೇಟೆಯ ಅದೇ ಖಾಸಗಿ ಶಾಲೆಯಲ್ಲಿ, ಅದೇ ಎರಡನೇ ವರ್ಗದಲ್ಲಿ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ!

ನಾನು ಆಗುವುದಿಲ್ಲ ಎನ್ನಲಿಲ್ಲ. ಮಾರ್ಚಿನಲ್ಲಿ ನನ್ನ ಗುತ್ತಿಗೆ ನವೀಕರಣಕ್ಕೆ ಅವರ ಸಹಿ ಬೇಕಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಕಾರವಾರದಿಂದ ಬಸ್ಸು ಹತ್ತಿ ಅಂಕೋಲೆಯಲ್ಲಿ ಸಾಹೇಬರ ಕ್ವಾರ್ಟರ್ಸಿಗೆ ಹೋದೆ, ಹಿತ್ತಿಲ ಜಗಲಿಯಲ್ಲಿ ಕುಳಿತು ಕನ್ನಡಿ ಹಿಡಿದು ನಾಲಗೆ ಎಲ್ಲಿಡಬೇಕೆಂದು ತೋರಿಸಿದೆ. ಯಜಮಾನ್ತಿ ಕೊಟ್ಟ ಅವಲಕ್ಕಿಯನ್ನೂ ತಿಂದೆ. ರಜಿಸ್ಟರಿನಲ್ಲಿ ಈ ಭಾನುವಾರಗಳು ಇರಲಿಲ್ಲ. ದಾರಿಯಲ್ಲಿ ಅವರ್ಸಾ ಬರುತ್ತದೆ. ನಾಗವೇಣಿಯ ಊರು ಹಾರವಾಡಕ್ಕೆ ಹೋಗುವವರು ಅಲ್ಲೇ ಇಳಿಯುತ್ತಿದ್ದರು. ನಾನು ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಹೀಗೆ ಏಳು ತಿಂಗಳು. ಫೆಬ್ರವರಿಯ ಒಂದು ಭಾನುವಾರ, ಆ ಕೇರಿಗೆ ಬರುತ್ತಿದ್ದ ಮೀನಿನವಳಿಗೆ ಜ್ವರ ಬಂದು, ಅವಳ ಬದಲಿಗೆ ನಾಗವೇಣಿ ಬಂದಳು. ಮೀನಿನವರು ಮುಂಬಾಗಿಲಿಗೆ ಬರುವುದಿಲ್ಲ, ಹಿತ್ತಿಲಿಗೇ ಬರುತ್ತಾರೆ. ಬುಟ್ಟಿ ಇಳಿಸಿ ತಲೆಯೆತ್ತಿದವಳು ನನ್ನನ್ನು ನೋಡಿದಳು, ಹುಡುಗಿಯ ಬಾಯೆದುರು ಹಿಡಿದ ಕನ್ನಡಿ ನೋಡಿದಳು. ಹಗ್ಗದ ಮೇಲೆ ಒಣಗುತ್ತಿದ್ದ ನೀಲಿ ಚೌಕಳಿಯ ಯೂನಿಫಾರ್ಮನ್ನೂ ನೋಡಿದಳು. ಯಜಮಾನ್ತಿ ಚೌಕಾಸಿ ಮಾಡಿದಷ್ಟಕ್ಕೆ ಒಪ್ಪಿ ಬಂಗಡೆ ಎಣಿಸಿಕೊಟ್ಟು ಬುಟ್ಟಿ ಹೊತ್ತು ಹೋದಳು.

ಸೋಮವಾರ ನಾನು ಕೋಣೆಯ ಬೀಗ ತೆಗೆಯುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕೋರೆ, ಆ ಕೂಸಿಗೆ ಹಿಡ್ದ ಕನ್ನಡಿ ನಮ್ಮ ಸ್ನೇಹಾಗೆ ಹಿಡ್ದದ್ದೇ ಅಲ್ರಾ?”

ಹೌದು ಎಂದೆ.

“ಅದೂ ನಮ್ಮ ಹುಡ್ಗಿ ಶಾಲೆದ್ದೇ. ಅಂಗಿ ನೋಡ್ದೆ.”

ಅಷ್ಟೇ, ಹೋದಳು. ಮೀನುಪೇಟೆಯಲ್ಲಿ ಆಡುವ ಬೈಗುಳದಲ್ಲಿ ಒಂದಿಷ್ಟನ್ನು ನನ್ನ ಮೇಲೆ ಸುರಿದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸಾಹೇಬರಾದರೂ ಎಂಥವರೆಂದು ಮೊದಲೇ ಗೊತ್ತಿತ್ತು. ನಾನು ಎಂಥವಳೆಂದು ಅಲ್ಲಿಯವರೆಗೆ ಯಾರೂ ಮುಖಕ್ಕೆ ಹೇಳಿರಲಿಲ್ಲ.

ರಜಿಸ್ಟರು ತೆಗೆದೆ. ಆಗಸ್ಟಿನಿಂದ ಫೆಬ್ರವರಿಯವರೆಗೆ ಹೋದ ಭಾನುವಾರಗಳನ್ನೆಲ್ಲ ತಾರೀಖು ಸಮೇತ ಕೆಂಪು ಶಾಯಿಯಲ್ಲಿ ಬರೆದೆ. ಮಗುವಿನ ಹೆಸರು, ತಂದೆಯ ಹೆಸರು ಮತ್ತು ಹುದ್ದೆ, ದೋಷ, ಶಾಲೆ: ಖಾಸಗಿ. ಕೊನೆಯಲ್ಲಿ ‘ತಡವಾಗಿ ನಮೂದಿಸಿದೆ’ ಎಂದು ಸಹಿ. ತಿಂಗಳ ಕೊನೆಗೆ ಇದರ ಪ್ರತಿ ಕಾರವಾರದ ಜಿಲ್ಲಾ ಕಚೇರಿಗೆ ಹೋಗಬೇಕು. ಹೋಗುವ ಮುಂಚೆ ಸಾಹೇಬರು ಸಹಿ ಹಾಕಬೇಕು.

“ಇದನ್ನೆಲ್ಲ ಎಂತಕ್ಕೆ ಬರ್ದ್ರಿ?” ಎಂದರು, ಪೆನ್ನು ಎತ್ತಿದವರು.

“ನಡೆದದ್ದು ಬರೆದೆ ಸಾರ್. ಬೇಡದಿದ್ದರೆ ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಿ.”

ಅವರು ಚಾ ತರಿಸಿದರು. ನನಗೂ ಒಂದು ತರಿಸಿದರು, ಮೊದಲ ಬಾರಿಗೆ. ಚಾ ಮುಗಿಯುವಷ್ಟರಲ್ಲಿ ಅವರಿಗೆ ವಿವೇಚನೆ ಬಂದುಬಿಟ್ಟಿತು. ಏಳು ತಿಂಗಳು ಎಲ್ಲಿ ಮಲಗಿತ್ತೋ ಪುಣ್ಯಾತ್ಮನ ವಿವೇಚನೆ! ಮಧ್ಯಾಹ್ನವೇ ಆದೇಶ ಹೊರಟಿತು: ವಿಶೇಷ ಪ್ರಕರಣವೆಂದು ಪರಿಗಣಿಸಿ ಖಾಸಗಿ ಶಾಲೆಯ ಇಬ್ಬರು ಮಕ್ಕಳಿಗೆ ಥೆರಪಿ. ಮೊದಲ ಹೆಸರು ಅವರ ಮಗಳದು, ಎರಡನೆಯದು ಸ್ನೇಹಾಳದು. ಕರಿಯುವವನು ಮೊದಲ ವಡೆಯನ್ನು ತನ್ನ ತಟ್ಟೆಗೇ ಹಾಕಿಕೊಂಡ ಹಾಗೆ. ಮಾರ್ಚಿನಲ್ಲಿ ನನ್ನ ಗುತ್ತಿಗೆಯೂ ಚಕಾರವಿಲ್ಲದೆ ನವೀಕರಣಗೊಂಡಿತು. ನಾನು ಏಳು ತಿಂಗಳು ಹೆದರಿದ್ದು ಇಂಥ ಹೇಡಿಗೆ.

ಸ್ನೇಹಾ ಒಂದೂವರೆ ವರ್ಷ ಬಂದಳು. ತಾಯಿಯ ಬುಟ್ಟಿಯಲ್ಲಿದ್ದದ್ದೇ ನಮ್ಮ ಪಾಠ: ಬಂಗಡೆ, ತಾರ್ಲೆ, ಪಾಪ್ಲೆಟ್. ‘ಪ’ ಬಂತು, ‘ಬ’ ಬಂತು, ‘ತ’ ಬಂತು. ಕನ್ನಡಿ ತಿಳಿಯಾಗಿ ನಿಲ್ಲತೊಡಗಿತು. ತರಗತಿಯಲ್ಲಿ ಕೈಯೆತ್ತಿ ಉತ್ತರ ಹೇಳುತ್ತಾಳೆಂದು ಶಾಲೆಯಿಂದ ಸುದ್ದಿ ಬಂತು. ‘ಸ’ ಮಾತ್ರ ಬರಲಿಲ್ಲ. ಅವಳ ಸ್ವಂತ ಹೆಸರಿನ ಮೊದಲ ಅಕ್ಷರ ಕೊನೆಯವರೆಗೂ ಮೂಗಿನಿಂದಲೇ ಸೋರಿತು. ಏಳು ತಿಂಗಳು ಮುಂಚೆ ಶುರು ಮಾಡಿದ್ದರೆ ಬರುತ್ತಿತ್ತೇ ಎಂದು ಇವತ್ತಿಗೂ ಖಾತ್ರಿಯಾಗಿ ಹೇಳಲಾರೆ.

ನಾನು ಥೆರಪಿ ಮುಗಿಸಿದ ಕೊನೆಯ ದಿನ ಹುಡುಗಿ ನನ್ನೆದುರು ನಿಂತು ತನ್ನ ಹೆಸರು ಹೇಳಿದಳು. ನಾನು ನಾಗವೇಣಿಯ ಕಡೆ ತಿರುಗಿ, “ಇಷ್ಟಾದರೂ ಆಯಿತಲ್ಲ” ಎಂದೆ. ಉಪಕಾರ ಮಾಡಿದವಳ ದನಿಯಲ್ಲೇ ಅಂದಿರಬೇಕು.

ನಾಗವೇಣಿ ಮಗಳ ಚೀಲ ಹೆಗಲಿಗೆ ಹಾಕಿಕೊಂಡಳು.

“ಆ ಮನೆ ಕೂಸಿಗಾದ್ರೆ ‘ಇಷ್ಟಾರೂ’ ಅಂದಿ ಬಿಡ್ತಿದ್ರಾ ಅಕ್ಕೋರೆ?”

ಅದಾದ ಮೇಲೆ ನಿವೃತ್ತಿಯವರೆಗೂ ನಾನು ಆ ಮಾತನ್ನು ಯಾವ ತಾಯಿಯ ಎದುರೂ ಆಡಲಿಲ್ಲ.