ಎರಡು ಮಾಳಿಗೆಗಳ ನಡುವಿನ ತಗಡು

ಮಿರಗದ ಮಳೆ ಹತ್ತಿರ ಬಂತೆಂದರೆ ಇಂಡಿ ಊರಿನ ನಮ್ಮ ಮನೆಯಲ್ಲಿ ಒಂದು ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಗಿನ ಚಹಾ ಮುಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಾಳಿಗೆ ಹತ್ತುತ್ತೇನೆ. ಮೆಟ್ಟಿಲ ಕೋಣೆಯ ಗೋಡೆಗೆ ಪಡಸಾಲೆಯ ಪತ್ರಾಸಿನ ಚಾವಣಿ ಬಂದು ತಾಗುವ ಕಡೆ ಉದ್ದಕ್ಕೂ ಬಡಿದಿರುವ ತಗಡಿನ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸುತ್ತ ಹೋಗುತ್ತೇನೆ. ಮೊಳೆ ಸಡಿಲಾಗಿದೆಯೇ, ತಗಡಿನ ಅಂಚು ಗೋಡೆಯೊಳಗೆ ಹೊಕ್ಕಲ್ಲಿ ಸಿಮೆಂಟು ಬಿರುಕು ಬಿಟ್ಟಿದೆಯೇ ಎಂದು ಬಗ್ಗಿ ನೋಡುತ್ತೇನೆ. ಕೆಳಗಿನಿಂದ ನನ್ನ ಯಜಮಾನರು, "ಟೀಚರಬಾಯಿ ಮಾಳಗಿ ಹಾಜರಿ ತಗೊಳ್ಳಾಕತ್ತಾರ" ಎಂದು ನಗುತ್ತಾರೆ. ನಗಲಿ. ಅವರು ಬೆಳೆದದ್ದು ಸಿಂದಗಿಯಲ್ಲಿ, ನಾಲ್ಕೂ ಕಡೆ ಬಯಲಿದ್ದ ಒಂಟಿ ಮನೆಯಲ್ಲಿ. ಇನ್ನೊಬ್ಬರ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದವರ ಚಿಂತೆ ಅವರಿಗೆ ಹೇಗೆ ತಿಳಿಯಬೇಕು?

ಗೆಳೆಯರೇ, ನೀವು ಗಮನಿಸಿದ್ದೀರೋ ಇಲ್ಲವೋ, ಚಾವಣಿಯ ನಟ್ಟನಡುವೆ ನೀರು ಇಳಿಯುವುದು ಅಪರೂಪ. ಅಲ್ಲಿ ಎಲ್ಲರ ಕಣ್ಣಿರುತ್ತದೆ, ಸಿಮೆಂಟಿನ ಗಿಲಾಯ ಬಳಿಯುವವನ ಕೈಯೂ ಅಲ್ಲೇ ಹೆಚ್ಚು ಆಡಿರುತ್ತದೆ. ಗೋಡೆ ಮುಗಿದು ಚಾವಣಿ ಶುರುವಾಗುವ, ಹಳೆಯದು ನಿಂತು ಹೊಸದು ಮೊದಲಾಗುವ ಸಂದಿನಲ್ಲೇ ನೀರು ತನ್ನ ದಾರಿಯನ್ನು ಹುಡುಕಿಕೊಳ್ಳುತ್ತದೆ. ಕೂಡಿಕೊಂಡ ಎರಡರ ಗುಣ ಒಂದೇ ಇರುವುದಿಲ್ಲವಷ್ಟೆ. ಬಿಸಿಲಿಗೆ ಒಂದು ಹಿಗ್ಗಿದರೆ ಇನ್ನೊಂದು ಸುಮ್ಮನಿರುತ್ತದೆ, ತಂಪಿಗೆ ಒಂದು ಕುಗ್ಗಿದರೆ ಇನ್ನೊಂದು ಜಗ್ಗುವುದಿಲ್ಲ. ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟರೆ ಸಾಕು, ಆಕಾಶವೇ ಅದರೊಳಗೆ ಇಳಿಯುತ್ತದೆ. ಈ ಮಾತನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಮುದ್ದೇಬಿಹಾಳದ ನನ್ನ ತವರುಮನೆಯ ನಡುಗೋಡೆಯಿಂದ ಕಲಿತದ್ದು.

ಅದು ಅಜ್ಜ ಕಟ್ಟಿಸಿದ ಮನೆ. ಕಲ್ಲು ಮಣ್ಣಿನ ಗೋಡೆಗಳು, ಮೇಲೆ ಬೇವಿನ ತೊಲೆ, ಜಂತಿ, ಅದರ ಮೇಲೆ ಹುಲ್ಲು ಹುಟ್ಟದ ಕರಲು ಮಣ್ಣಿನ ಮಾಳಿಗೆ. ಅಜ್ಜ ಹೋದ ಮೇಲೆ ದೊಡ್ಡಪ್ಪನಿಗೂ ನಮ್ಮಪ್ಪನಿಗೂ ಪಾಲಾಯಿತು. ಪಾಲಾದದ್ದು ಜಗಳದಿಂದಲ್ಲ. ದೊಡ್ಡಪ್ಪ ಹೊಲ ನೋಡಿಕೊಂಡಿದ್ದ, ಅಪ್ಪ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ; ಇಬ್ಬರ ಊಟದ ಹೊತ್ತೂ ಏಳುವ ಹೊತ್ತೂ ಬೇರೆಯಾಗಿದ್ದವು. ಮನೆಯ ನಡುವಿನ ದಪ್ಪ ಗೋಡೆಯೇ ಗಡಿಯಾಯಿತು: ಅರ್ಧ ದಪ್ಪ ಅವರದು, ಅರ್ಧ ನಮ್ಮದು. ಆದರೆ ಮೇಲಿನ ಮಾಳಿಗೆಗೆ ಪಾಲು ಗೊತ್ತಿರಲಿಲ್ಲ. ದೊಡ್ಡವ್ವನ ಸಂಡಿಗೆಯೂ ಅವ್ವನ ಹಪ್ಪಳವೂ ಒಂದೇ ಸೀರೆಯ ಮೇಲೆ ಒಣಗುತ್ತಿದ್ದವು. ದೊಡ್ಡಪ್ಪನ ಮಗಳು ಗಿರಿಜಾ ಮತ್ತು ನಾನು ಬೇಸಿಗೆಯ ಸಂಜೆ ನೀರು ಚಿಮುಕಿಸಿ ಅಲ್ಲೇ ಹಾಸಿಗೆ ಹಾಸುತ್ತಿದ್ದೆವು. ನೀರು ಕುಡಿದ ಮಣ್ಣಿನ ವಾಸನೆಯ ಮೇಲೆ ಮಲಗಿ ಮಾತಾಡುತ್ತಿದ್ದ ಆ ಹುಡುಗಿಯರಿಗೆ ತಮ್ಮ ಬೆನ್ನಿನ ಕೆಳಗೆ ಯಾವ ಗೋಡೆ ಎಲ್ಲಿ ಹಾದುಹೋಗಿದೆ ಎಂಬುದೂ ತಿಳಿದಿರಲಿಲ್ಲ.

ಅಂಗಡಿ ಕೈಹಿಡಿದ ಮೇಲೆ ಅಪ್ಪನಿಗೆ ಸ್ಲ್ಯಾಬ್ ಹಾಕಿಸುವ ಹುಚ್ಚು ಹಿಡಿಯಿತು. ದೊಡ್ಡಪ್ಪ ಬೇಡವೆನ್ನಲಿಲ್ಲ. ಆದರೆ ಮಣ್ಣು ತೆಗೆದಾಗ ಕಂಡದ್ದೇನೆಂದರೆ, ಅಜ್ಜ ತನ್ನ ಹೊಲದ ಬೇವನ್ನೇ ಕಡಿಸಿ ತಂದು ಹಾಕಿದ್ದ ನಡುತೊಲೆ ಎರಡೂ ಪಾಲಿನ ಮೇಲೆ ಅಖಂಡವಾಗಿ ಮಲಗಿತ್ತು. ಕೊಯ್ಯಲೇ ಎಂದು ಗೌಂಡಿ ಕೇಳಿದ, ಅಪ್ಪ ಹೂಂ ಅಂದ; ಗರಗಸ ಗೋಡೆಯ ನಟ್ಟನಡುವೆ ಆಡಿತು. ಸಂಜೆ ಹೊಲದಿಂದ ಬಂದ ದೊಡ್ಡಪ್ಪ ಮಾಳಿಗೆ ಹತ್ತಿ, ಕೊಯ್ದ ತೊಲೆಯ ಹಸಿ ಬಣ್ಣದ ತುದಿಯನ್ನು ನೋಡಿ ನಿಂತ.

"ಕೊಯ್ಯೂಕಿಂತ ಮೊದಲ ನನ್ನ ಒಂದ ಮಾತ ಕೇಳಬೇಕು ಅನಸಲಿಲ್ಲೇನು?"

"ನನ್ನ ಪಾಲಿಂದು ನಾ ಕೊಯ್ದೇನಿ, ಅಣ್ಣಾ. ನಿನ್ನ ಪಾಲಿಂದು ಹಂಗ ಐತಿ."

ಅಪ್ಪ ಸುಳ್ಳು ಹೇಳಿರಲಿಲ್ಲ. ಅದೇ ಕಷ್ಟ. ದೊಡ್ಡಪ್ಪ ಮಾಳಿಗೆ ಇಳಿದುಹೋದ. ಆ ಮೇಲೆ ವರ್ಷಗಟ್ಟಲೆ ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಯಿತು. ಸಂತೆಯಲ್ಲಿ ಎದುರಾದರೆ ಒಬ್ಬರು ಬಾಳೆಹಣ್ಣಿನ ಗಾಡಿ ನೋಡುತ್ತಿದ್ದರು, ಇನ್ನೊಬ್ಬರು ಬಸ್ಸಿನ ಬೋರ್ಡು ಓದುತ್ತಿದ್ದರು. ಅವ್ವ ಮತ್ತು ದೊಡ್ಡವ್ವ ಬಾವಿಕಟ್ಟೆಯಲ್ಲಿ ಕದ್ದು ಮಾತಾಡಿಕೊಳ್ಳುತ್ತಿದ್ದರು, ತಪ್ಪು ಮಾಡುವವರಂತೆ.

ಸ್ಲ್ಯಾಬು ಮಣ್ಣಿನ ಮಾಳಿಗೆಗಿಂತ ತುಸು ಎತ್ತರವಾಯಿತು. ಮೊದಲ ಮಳೆಗೇ ಅದರ ಅಂಚಿಗೆ ಬಡಿದ ನೀರು ಸಿಮೆಂಟಿನ ಮೈಗುಂಟ ಜಾರಿ, ಹೊಸದೂ ಹಳೆಯದೂ ಕೂಡುವ ಸಂದಿನಲ್ಲಿ ಹೊಕ್ಕು, ನಡುಗೋಡೆಯ ಹೊಟ್ಟೆಗೆ ಇಳಿಯಿತು. ತಗಡಿನ ಕೆಲಸ ಮಾಡುವ ಮೌಲಾಸಾಬರು ಬಂದು ನೋಡಿ ಉಪಾಯ ಹೇಳಿದರು: ಉದ್ದಕ್ಕೂ ಒಂದು ತಗಡಿನ ಪಟ್ಟಿ ಬೇಕು, ಅದರ ಮೇಲಂಚು ನಮ್ಮ ಸ್ಲ್ಯಾಬಿನ ಕಟ್ಟೆಯಲ್ಲಿ ಕೊರೆದ ಗೀರಿನೊಳಗೆ ಕೂಡಬೇಕು, ಕೆಳಗಿನ ಅಂಚು ದೊಡ್ಡಪ್ಪನ ಮಾಳಿಗೆಯ ಮೇಲೆ ಚಾಚಿ ಅವರ ಮಣ್ಣಿನಲ್ಲಿ ಹುದುಗಬೇಕು. ಅಂದರೆ ಅವರ ಮಾಳಿಗೆ ಅಗೆಯಬೇಕು. ಸುದ್ದಿಯನ್ನು ಸಾಬರೇ ಒಯ್ದರು, ಉತ್ತರವನ್ನೂ ಅವರೇ ತಂದರು: "ಅವರ ಗ್ವಾಡಿ ನೀರು ನನ್ನ ಮಾಳಗಿ ಮ್ಯಾಲ ಯಾಕ ಹರೀಬೇಕು ಅಂತ ಕೇಳಾಕತ್ತಾರ್ರೀ."

ಅಪ್ಪ ತನ್ನ ಕಡೆಯಿಂದ ಡಾಂಬರು ಬಳಿದ, ದೊಡ್ಡಪ್ಪ ತನ್ನ ಕಡೆಯಿಂದ ಮಣ್ಣು ಮೆತ್ತಿದ. ಡಾಂಬರು ಬೇಸಿಗೆಯಲ್ಲಿ ಕರಗಿ ಬಿಟ್ಟುಕೊಂಡಿತು, ಮಣ್ಣು ಮಳೆಯಲ್ಲಿ ತೊಳೆದುಹೋಯಿತು. ಪ್ರತಿ ಮಳೆಗಾಲವೂ ಗೋಡೆಯ ಎರಡೂ ಮುಖದಲ್ಲಿ ಒದ್ದೆಯ ಕಲೆ ಅಷ್ಟಷ್ಟೇ ಕೆಳಗಿಳಿಯುತ್ತಿತ್ತು. ಒಂದೇ ಗಾಯಕ್ಕೆ ಇಬ್ಬರು ಬೇರೆಬೇರೆ ಔಷಧ ಹಚ್ಚುತ್ತ, ಒಬ್ಬರ ಔಷಧವನ್ನು ಇನ್ನೊಬ್ಬರು ನೋಡದಂತೆ ಇದ್ದರು. ಅಭಿಮಾನವೆಂಬುದು ಎಂಥ ವಿಚಿತ್ರ ಗಿಲಾಯ ನೋಡಿ. ಹೊರಗೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ನೀರು ನಿಂತೇ ಇರುತ್ತದೆ.

ನಾನು ಬಿ.ಎಡ್. ಮುಗಿಸಿ ಮನೆಯಲ್ಲಿದ್ದ ವರ್ಷ ಗಿರಿಜಾ ಬಸವನ ಬಾಗೇವಾಡಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಗಾಳಿ ತಾಗಬಾರದೆಂದು ನಡುಗೋಡೆಯ ಪಕ್ಕದ ಒಳಕೋಣೆಯಲ್ಲಿ ಮಂಚ, ತೊಟ್ಟಿಲು ಹಾಕಿದರು. ಕೂಸಿನ ಅಳು ನಮಗೆ ಬೀದಿ ಕಡೆಯ ಕಿಟಕಿಯಿಂದ ಕೇಳುತ್ತಿತ್ತು. ಹೋಗಿ ನೋಡುವ ಧೈರ್ಯ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆಗ ಉತ್ತರಿ ಮಳೆ ಕೂತಿತು. ನಮ್ಮ ಸೀಮೆಯಲ್ಲಿ ಮಳೆ ಬರುವುದೇ ದೊಡ್ಡ ಮಾತು. ಬಂದದ್ದು ಹೋಗದೆ ಕೂತರೆ ಮಣ್ಣಿನ ಮನೆಗಳೆಲ್ಲ ಉಸಿರು ಬಿಗಿಹಿಡಿಯುತ್ತವೆ.

ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಕಡೆ ಧೊಪ್ಪೆಂದು ಏನೋ ಬಿದ್ದ ಸದ್ದು, ಹಿಂದೆಯೇ ಗಿರಿಜಾಳ ಚೀರಾಟ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದಳು, ಮಳೆಯಲ್ಲಿ ಬೀದಿ ಸುತ್ತಿ, ವರ್ಷಗಳಿಂದ ತುಳಿಯದ ಹೊಸ್ತಿಲು ದಾಟಿ ಒಳಗೆ ನುಗ್ಗಿದಳು. ಅವಳ ಬೆನ್ನಿಗೆ ನಾನು.

ಗೋಡೆಯ ಮೇಲ್ಭಾಗದಿಂದ ಕಲ್ಲುಮಣ್ಣಿನ ದೊಡ್ಡ ಹೆಂಟೆ ಕಳಚಿ ತೊಟ್ಟಿಲೊಳಗೆ ಬಿದ್ದಿತ್ತು. ತೊಟ್ಟಿಲು ಇನ್ನೂ ತೂಗುತ್ತಿತ್ತು. ಗಿರಿಜಾ ಮಂಚದ ಮೂಲೆಯಲ್ಲಿ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. "ಹಾಲ ಕುಡಸಾಕ ಈಗರ ಎತ್ಕೊಂಡಿದ್ದೆ, ಕಾಕೂ... ಈಗರ ಎತ್ಕೊಂಡಿದ್ದೆ" ಎಂದು ಅವ್ವನಿಗೆ ಅದನ್ನೇ ಹೇಳುತ್ತಿದ್ದಳು. ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಬಾಗಿಲಲ್ಲಿ ದೊಡ್ಡಪ್ಪ.

ಅವ್ವ ತಲೆಯ ಮೇಲಿನ ಸೆರಗನ್ನು ಎಳೆದುಕೊಂಡಳು. ಭಾವನೆದುರು ಅವಳ ದನಿ ಎಂದೂ ಎದ್ದದ್ದಿಲ್ಲ.

"ಭಾವಾರ, ನಾ ನಿಮ್ಮೆದುರು ಬಾಯಿ ಬಿಟ್ಟಾಕಿ ಅಲ್ಲ. ಇವತ್ತ ಬಿಡ್ತೇನಿ. ನೀವಿಬ್ಬರೂ ಪಾಲಾಗಿದ್ದು ನೀರಿಗೆ ಗೊತ್ತಿಲ್ರಿ. ಅದು ನಮ್ಮ ಕಡಿಂದ ಹೊಕ್ಕು ನಿಮ್ಮ ಮೊಮ್ಮಗಳ ತೊಟ್ಟಲಕ್ಕ ಬಂದೈತಿ. ಇನ್ನೂ ಯಾರ ನೀರು, ಯಾರ ಮಾಳಗಿ ಅಂತ ಕೇಳ್ಕೋತ ಕುಂಡ್ರೂದೇನ್ರಿ?"

ದೊಡ್ಡಪ್ಪ ಬಂದು ತೊಟ್ಟಿಲೊಳಗಿನ ಮಣ್ಣನ್ನು ಒಂದು ಹಿಡಿ ಎತ್ತಿಕೊಂಡ. ಹಿಂಡಿದರೆ ಬೆರಳ ಸಂದಿಯಿಂದ ರಾಡಿ ಇಳಿಯಿತು. ಯಾರಿಗೋ ಎಂಬಂತೆ, "ಸಾಬರನ್ನ ಕರೀರಿ" ಎಂದ.

ಅಷ್ಟರಲ್ಲಿ ಅಪ್ಪ ಅಂಗಡಿಯ ತಾಡಪತ್ರಿ ಹೊತ್ತು ಓಡಿಬಂದಿದ್ದ. ಗಿರಿಜಾಳನ್ನು ಮುಂದಿನ ಪಡಸಾಲೆಗೆ ಸಾಗಿಸಿ, ಸುರಿವ ಮಳೆಯಲ್ಲೇ ತಾಡಪತ್ರಿಯನ್ನು ಸಂದಿನ ಮೇಲೆ ಹಾಸಿದೆವು. ಈ ತುದಿಗೆ ಅಪ್ಪ ಕಲ್ಲು ಹೇರಿದ, ಆ ತುದಿಗೆ ದೊಡ್ಡಪ್ಪ. ಮರುದಿನ ಬೆಳಿಗ್ಗೆ ಮಳೆ ನಿಂತು ಹೊಳವಾಯಿತು. ಆದರೆ ಸಾಬರ ಹತ್ತಿರ ಅಷ್ಟು ತಗಡಿರಲಿಲ್ಲ. ವಿಜಯಪುರದಿಂದ ತರಬೇಕು, ಹಳ್ಳ ಬಂದು ಬಸ್ಸುಗಳು ನಿಂತಿದ್ದವು. ಆಗ ದೊಡ್ಡವ್ವ ಯಾರನ್ನೂ ಕೇಳದೆ ಒಳಗೆ ಹೋಗಿ ತನ್ನ ಜೋಳದ ದೊಡ್ಡ ತಗಡಿನ ಡಬ್ಬಿಯ ಕಾಳನ್ನೆಲ್ಲ ಪಡಸಾಲೆಯಲ್ಲಿ ಸುರಿದಳು. ಮದುವೆಯಲ್ಲಿ ತವರಿನವರು ಕೊಟ್ಟ ಡಬ್ಬಿ ಅದು. ಖಾಲಿ ಡಬ್ಬಿಯನ್ನು ಉರುಳಿಸುತ್ತ ತಂದು ಸಾಬರ ಮುಂದೆ ನಿಲ್ಲಿಸಿ, "ಕತ್ತರಸ್ರಿ" ಎಂದಳು. ಸಾಬರು ಅನುಮಾನಿಸಿದರು. "ಕಾಳು ಚೀಲದಾಗೂ ಇರ್ತಾವ. ಕೂಸು ಎಲ್ಲಿ ಇರಬೇಕ್ರಿ?" ಎಂದು ಅವಳೇ ಕತ್ತರಿ ಕೈಗೆ ಕೊಟ್ಟಳು.

ಕೆಲಸ ಮೊದಲಾಯಿತು. ಅಪ್ಪ ನಮ್ಮ ಕಟ್ಟೆಯಲ್ಲಿ ಉಳಿಯಿಂದ ಗೀರು ಕೊರೆಯುತ್ತಿದ್ದ, ದೊಡ್ಡಪ್ಪ ತನ್ನ ಮಾಳಿಗೆಯ ಮಣ್ಣು ಸರಿಸುತ್ತಿದ್ದ. ಇಬ್ಬರ ತಲೆಗಳೂ ಮೊಳದಂತರದಲ್ಲಿದ್ದವು, ಮಾತು ಮಾತ್ರ ಸಾಬರನ್ನು ಸುತ್ತಿ ಬರುತ್ತಿತ್ತು.

"ಸಾಬರ, ಮಣ್ಣ ಇನ್ನೊಂದ ಗೇಣ ಸರಸ್ಬೇಕು ಅಂತ ಹೇಳ್ರಿ ಅವರಿಗೆ."

"ನಾ ಏನ ಕಿವುಡ ಅಲ್ಲ ಅಂತ ಹೇಳ್ರಿ ಅವರಿಗೆ."

ಸಾಬರು ಕೊಡತಿ ಕೆಳಗಿಟ್ಟರು. "ನಾ ತಗಡ ಬಗ್ಗಸ್ಲ್ಯೋ, ನಿಮ್ಮಿಬ್ಬರ ಟಪಾಲ ಒಯ್ಲ್ಯೋ? ಒಂದ ಹೇಳ್ರಿ."

ಗೋಡೆಯಂಚಿಗೆ ಕೂತು ಸಿಮೆಂಟು ಕಲಸುತ್ತಿದ್ದ ನಾನು ನಕ್ಕುಬಿಟ್ಟೆ; ಕೆಳಗೆ ಅಂಗಳದಲ್ಲಿ ಅವ್ವನೂ ದೊಡ್ಡವ್ವನೂ ನಕ್ಕರು. ದೊಡ್ಡಪ್ಪ ನಗಲಿಲ್ಲ. ಆದರೆ ತಗಡಿನ ಪಟ್ಟಿಯನ್ನು ಎತ್ತುವಾಗ ಅದು ಗಾಳಿಗೆ ಬಳುಕಿತು. ಅಪ್ಪನ ಕೈಗೆ ಅಂಚು ತಾಗೀತೆಂದು ದೊಡ್ಡಪ್ಪ, "ಸಂಗಪ್ಪಾ, ಕೈ" ಎಂದ. ಎರಡೇ ಶಬ್ದ. ಅಪ್ಪ ಕೈ ಹಿಂದೆ ತೆಗೆದುಕೊಂಡ. ಅಲ್ಲಿಂದ ಟಪಾಲು ನೇರವಾಗಿಯೇ ನಡೆಯಿತು: ಹಿಡಿ, ಬಿಡು, ತುಸು ಏರಸು, ಇಲ್ಲಿ ಒತ್ತು. ಎಷ್ಟೋ ವರ್ಷಗಳಿಂದ ಹೊರಡದಿದ್ದ ದೊಡ್ಡ ಮಾತುಗಳ ಜಾಗದಲ್ಲಿ ಈ ಚಿಕ್ಕ ಕೆಲಸದ ಮಾತುಗಳು ಎಷ್ಟು ಸಲೀಸಾಗಿ ಬಂದು ಕೂತವು ಎಂಬುದನ್ನು ನೆನೆದರೆ ನನಗೆ ಇಂದಿಗೂ ಸೋಜಿಗ. ರಾಜಿಗೆ ಕೂಡಿಸಿ ಹಿರಿಯರು ಹೇಳಿದ ಯಾವ ಬುದ್ಧಿಮಾತೂ ಅವರಿಬ್ಬರನ್ನು ಅಲುಗಿಸಿರಲಿಲ್ಲ. ಕೈಯಲ್ಲಿ ಹಿಡಿದ ಕೆಲಸ ಒಂದೇ ಆಗಿದ್ದಾಗ, ಮಾತು ತಾನೇ ದಾರಿ ಮಾಡಿಕೊಂಡಿತು.

ಮಧ್ಯಾಹ್ನ ಮತ್ತೆ ಮಳೆ ಹಿಡಿಯಿತು. ನಾವೆಲ್ಲ ಮಾಳಿಗೆಯ ಮೇಲೆಯೇ ಗೋಣಿಚೀಲ ಹೊದ್ದು ನಿಂತು ನೋಡಿದೆವು. ನಮ್ಮ ಕಟ್ಟೆಗೆ ಬಡಿದ ನೀರು ಇಳಿದು ಬಂತು, ತಗಡಿನ ಮೇಲೆ ಕಾಲು ಜಾರಿದಂತೆ ಜಾರಿತು, ದೊಡ್ಡಪ್ಪನ ಮಾಳಿಗೆಗೆ ಹರಿದು, ಅವನ ಮಾಳಿಗೆಯಂಚಿನ ಮಳೆನೀರಿನ ದೋಣಿಯಿಂದ ಅಂಗಳಕ್ಕೆ ಧುಮುಕಿತು. ಸಂದಿನೊಳಗೆ ಒಂದು ಹನಿಯೂ ಹೋಗಲಿಲ್ಲ.

"ಒಳಗ ಬಂದ ನೋಡು" ಎಂದ ದೊಡ್ಡಪ್ಪ, ಅಪ್ಪನ ಮುಖ ನೋಡದೆ.

ಅಪ್ಪ ಒದ್ದೆ ಮೈಯಲ್ಲೇ ಒಳಕೋಣೆಗೆ ಹೋದ. ತಾನು ಹುಟ್ಟಿದ ಕೋಣೆ ಅದು. ಕಳಚಿಬಿದ್ದ ಜಾಗ ಬಾಯ್ತೆರೆದಂತಿತ್ತು, ಆದರೆ ಹೊಸ ನೀರು ಇಳಿದಿರಲಿಲ್ಲ. ಅಪ್ಪ ಗೋಡೆಯ ಮೇಲೆ ಅಂಗೈಯಿಟ್ಟು ಕೆಳಗಿನವರೆಗೆ ಸವರಿದ. ದೊಡ್ಡಪ್ಪ ಕೇಳಿದ:

"ಹ್ವಾದ ಚಳಿಗಾಲದಾಗ ನಿನಗ ಭಾಳ ಕೆಮ್ಮು ಇತ್ತಲ್ಲ. ಈಗ ಹೆಂಗೈತಿ?"

ಅಪ್ಪ ತಿರುಗಿ ನೋಡಿದ. "ನಿನಗ ಹೆಂಗ ಗೊತ್ತು?"

"ಗ್ವಾಡಿ ಆಚಿಕಿಂದು ಕೇಳಸ್ತೈತಿ."

ಕೂಸನ್ನು ಎತ್ತಿಕೊಂಡು ನಿಂತಿದ್ದ ದೊಡ್ಡವ್ವನಿಗೆ ತಡೆಯಲಾಗಲಿಲ್ಲ. "ಇಷ್ಟ ದಪ್ಪ ಗ್ವಾಡ್ಯಾಗ ಏನ ಕೇಳಸ್ತೈತೋ ಸಂಗಪ್ಪಾ! ಅಲ್ಲಿ ಗ್ವಾಡಿ ಗೂಡಿನಾಗ ಕಿವಿ ಹಚ್ಚಿ ಕುಂಡ್ರತಿದ್ರು ಇವರು. ನೀ ಕೆಮ್ಮೂದು ನಿಂತ ಮ್ಯಾಲ ಮಲಗತಿದ್ರು."

"ನೀ ಸುಮ್ಮಕಿರ್ತೀಯೇನು?" ಎಂದು ದೊಡ್ಡಪ್ಪ ಗದರಿದ, ಹೊರಗೆ ಮಳೆ ನೋಡುವವನಂತೆ ಬಾಗಿಲ ಕಡೆ ತಿರುಗಿದ.

ಅಪ್ಪ ಮಂಚದ ಅಂಚಿಗೆ ಕೂತು ಕೈ ಚಾಚಿದ. ದೊಡ್ಡವ್ವ ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ಸಂಜೆ ಗಿರಾಕಿಗಳು ನಮ್ಮ ಮನೆ ಬಾಗಿಲಿಗೆ ಬಂದು, ಇವತ್ತು ಅಂಗಡಿ ಯಾಕೆ ತೆರೆದಿಲ್ಲವೆಂದು ಅವ್ವನನ್ನು ಕೇಳುತ್ತಿದ್ದರು. "ಅವರು ಅಣ್ಣನ ಮನಿಗೆ ಹೋಗ್ಯಾರ್ರೀ," ಎಂದು ಅವ್ವ ಬಂದವರಿಗೆಲ್ಲ, ಬೀದಿಯ ಆ ತುದಿಗೂ ಕೇಳುವಂತೆ ಹೇಳಿದಳು.