ಎಡಗೈಯ ಅಕ್ಷರ

ಮೊನ್ನೆ ಹಳೆಯ ಪೆನ್ನೊಂದನ್ನು ತೊಳೆಯುತ್ತಿದ್ದೆ. ನೀರಿನಲ್ಲಿ ನೀಲಿ ಕದಡಿ ಶಾಯಿಯ ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಸರಸಂಬಾದ ನಮ್ಮ ಮನೆಯ ಪಡಸಾಲೆ, ಗೋಡೆಗೆ ಒಟ್ಟಿದ ಜೋಳದ ಚೀಲಗಳು, ಕಂಬಕ್ಕೆ ಒರಗಿ ಕೂತ ನಮ್ಮ ಅಜ್ಜ, ನಾವೆಲ್ಲ ಮುತ್ಯಾ ಎನ್ನುತ್ತಿದ್ದವನು, ಕಣ್ಣ ಮುಂದೆ ಬಂದರು. ನಾನು ಹುಟ್ಟಾ ಎಡಚಿ. ಶಾಲೆಯಲ್ಲಿ ಮಾಸ್ತರರು ಎಡಗೈಗೆ ಛಡಿ ಏಟು ಕೊಡುತ್ತಿದ್ದರು. ಮನೆಯಲ್ಲಿ ಓದಲು ಕೂತರೆ ಅವ್ವ ಹಳೆಯ ಸೀರೆಯ ಅಂಚಿನಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. “ನಾಳೆ ಗಂಡನ ಮನ್ಯಾಗ ನಗ್ತಾರ ಬೇ” ಎನ್ನುವುದು ಅವಳ ಚಿಂತೆ. ಬಲಗೈಯಲ್ಲಿ ಬರೆದ ನನ್ನ ಅಕ್ಷರಗಳೋ ಒಂದರ ಮೈಮೇಲೊಂದು ಬಿದ್ದು, ಓದು ಎಂದರೆ ನನಗೇ ತಿಳಿಯುತ್ತಿರಲಿಲ್ಲ. ಉತ್ತರ ಗೊತ್ತಿದ್ದೂ ಅರ್ಧವಾರ್ಷಿಕದಲ್ಲಿ ನಪಾಸಾದೆ. “ಏಳನೇದು ಪಾಸಾದ್ರ ಆಳಂದಕ್ಕ ಹೈಸ್ಕೂಲಿಗೆ ಕಳಸ್ತೇನಿ. ಇಲ್ಲಂದ್ರ ಸಾಲಿ ಸಾಕು” ಎಂದ ಅಪ್ಪ. ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ಶಾಲೆ ಎಂದರೆ ಜೀವ ಬಿಡುತ್ತಿದ್ದ ನಾನು ಅಂದಿನಿಂದ ಬೆಳಗ್ಗೆ ಸಂಜೆ ಬಲಗೈಯಲ್ಲಿ ತಿದ್ದತೊಡಗಿದೆ.

ಒಂದು ಬೆಳಗ್ಗೆ ಮುತ್ಯಾ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದ. ಎದುರಿಗೆ ನಾನು, ಕೈ ಕಟ್ಟಿಸಿಕೊಂಡು, ಅಳುತ್ತಾ ಬರೆಯುತ್ತಿದ್ದೆ. ಪೂಜೆ ಮುಗಿಸಿದವನೇ ಅಪ್ಪನನ್ನು ಕೂಗಿ, ಕಟ್ಟು ಬಿಚ್ಚಲು ಹೇಳಿದ. “ಮಂದಿ ಏನಂತಾರ್ರಿ?” ಎಂದ ಅಪ್ಪ. ಮುತ್ಯಾ ತನ್ನ ಎಡಗೈ ಚಾಚಿ ತೋರಿಸಿದ. ಲಿಂಗಕ್ಕೆ ಎರೆದ ನೀರಿನಿಂದ ಅಂಗೈ ಇನ್ನೂ ಒದ್ದೆಯಾಗಿತ್ತು. “ಲಿಂಗಯ್ಯ ದಿನಾ ಯಾವ ಕೈಯಾಗ ಕುಂದ್ರತಾನ? ಇದ್ರಾಗ. ಅಂವಗ ನಡೀತದ, ಅಕ್ಷರಕ್ಕ ನಡ್ಯಂಗಿಲ್ಲೇನು?” ಆಮೇಲೆ ಮುತ್ಯಾ ದನಿ ತಗ್ಗಿಸಿ ಅಂದ: “ನಿನ್ನ ಕೈನೂ ನಾ ಹಿಂಗ ಕಟ್ಟಿದ್ದೆ. ಅದಕ್ಕ ನೀ ಸಾಲಿ ಬಿಟ್ಟಿ. ಈ ಪೋರಿದೂ ಹಂಗ ಆಗ್ಬೇಕೇನು?” ಅಪ್ಪನೂ ಎಡಚನಾಗಿದ್ದ ಎಂದು ನನಗೆ ಗೊತ್ತಾದದ್ದು ಆವತ್ತೇ. ಅವನು ಹೊಲಕ್ಕೆ ಹೋದ. ಅವ್ವ ಬಂದು ಗಂಟು ಬಿಚ್ಚಿದಳು.

ಕೈಯೇನೋ ಬಿಡುಗಡೆಯಾಯಿತು, ಆದರೆ ಬರೆದದ್ದೆಲ್ಲ ಅಂಗೈಯ ಅಂಚಿಗೆ ಒರೆಸಿಕೊಂಡು ಸಾಲಿಗೆ ಸಾಲೇ ನೀಲಿ ಕೆಸರಾಗುತ್ತಿತ್ತು. ಮುತ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕ. ನಿಜಾಮನ ಕಾಲದಲ್ಲಿ ಅವನು ಕಲಿತದ್ದು ಉರ್ದು. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ. ಬಲದಿಂದ ಎಡಕ್ಕೆ ಬರೆಯುವಾಗ ಅವನ ಬಲಗೈಯೂ ಹೀಗೇ ಹಸಿ ಶಾಯಿಯ ಮೇಲೆ ಹಾಯುತ್ತಿತ್ತಂತೆ, ಉಸ್ತಾದರು ಕಿವಿ ಹಿಂಡುತ್ತಿದ್ದರಂತೆ. “ಕೈ ಸಾಲಿನ ಕೆಳಗ ಇಡು. ಹಾಳಿ ಸ್ವಲ್ಪ ವಾರಿ ಮಾಡು” ಎಂದು ಹಾಳೆಯನ್ನು ಓರೆ ಮಾಡಿಟ್ಟು, ಮಣಿಕಟ್ಟು ಹಿಡಿದು ತಿದ್ದಿದ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದಲ್ಲೇ ಕೂರುತ್ತಿದ್ದ. ನಾನು ಪೆನ್ನು ಓಡಿಸಿದರೆ, “ಅವಸರ ಯಾಕ ಬೇ? ಅಕ್ಷರಕ್ಕೂ ಕುಂದ್ರಾಕ ಜಾಗ ಬೇಕು” ಎಂದು ಗದರುತ್ತಿದ್ದ. ಬೇಸಿಗೆ ಬರುವ ಹೊತ್ತಿಗೆ ನನ್ನ ಅಕ್ಷರಗಳು ತಮ್ಮ ತಮ್ಮ ಕಾಲ ಮೇಲೆ ನಿಂತವು. ಮುತ್ಯಾ ಮಾಸ್ತರರನ್ನೂ ಒಪ್ಪಿಸಿದ್ದರಿಂದ ಪರೀಕ್ಷೆಯನ್ನು ಎಡಗೈಯಲ್ಲೇ ಬರೆದೆ, ಪಾಸಾದೆ.

ನಾನು ಆಳಂದಕ್ಕೆ ಹೋದೆ, ಅಲ್ಲಿಂದ ಮುಂದಕ್ಕೂ ಓದಿದೆ. ಈಗ ಮುತ್ಯಾ ಇಲ್ಲ, ಅಪ್ಪ ಇಲ್ಲ. ಆ ಪಡಸಾಲೆಯಲ್ಲಿ ಯಾರೋ ಗೊಬ್ಬರದಂಗಡಿ ಇಟ್ಟಿದ್ದಾರೆ. ಇಬ್ಬರ ಋಣವೂ ನನ್ನ ಮೇಲಿದೆ. ಕೈ ಹಿಡಿದು ತಿದ್ದಿದ ಮುತ್ಯಾನದು ಸರಿ, ಅಪ್ಪನದೇಕೆ ಎಂದು ಕೇಳಿದರೆ, ತಾನು ಬಿಟ್ಟ ಶಾಲೆಗೆ ನನ್ನನ್ನು ಕಳಿಸಿದ ಅವನ ಆ ಫಲಿತಾಂಶದ ಸಂಜೆಯನ್ನೇ ಹೇಳಬೇಕು. ಅಪ್ಪ ನನ್ನನ್ನು ಕರೆದು ನನ್ನ ತಮ್ಮನ ಪಾಟಿ ತರಿಸಿ, ತನ್ನ ಹೆಸರು ಬರೆಯಲು ಹೇಳಿದ. ದೊಡ್ಡದಾಗಿ ಬರೆದೆ. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಬಳಪವನ್ನು ಎಡಗೈಗೆ ತೆಗೆದುಕೊಂಡು, ಅದರ ಕೆಳಗೆ ಬರೆಯತೊಡಗಿದ. ನೇಗಿಲು ಹಿಡಿದ ಬೆರಳು ಎರಡನೇ ಅಕ್ಷರಕ್ಕೇ ದಾರಿ ತಪ್ಪಿತು. ಕಂಬದ ಬಳಿಯಿಂದ ಮುತ್ಯಾ ಎದ್ದು ಬಂದು ಮಗನ ಪಕ್ಕ ಕೂತು ಅವನ ಮಣಿಕಟ್ಟು ಹಿಡಿದ.

“ಸಾವಕಾಶ,” ಅಂದ. “ಈಗ ಯಾರೂ ಕಟ್ಟಂಗಿಲ್ಲ.”