ಸಾಕ್ಷಿಯ ಹಾವು

ವೆಂಡೆಲ್ ಕ್ರೌಚ್ ನನ್ನ ಬಳಿ ಇಲಿ ಕೊಳ್ಳಲು ಬರುವಾಗ ಸ್ವಂತ ತಕ್ಕಡಿ ತರುತ್ತಿದ್ದ. ನನ್ನ ಶೆಡ್ಡಿನಲ್ಲಿ ತಕ್ಕಡಿ ಇರಲಿಲ್ಲವೆಂದಲ್ಲ. ಅದು ನನ್ನದು ಎನ್ನುವುದೇ ಅವನ ತಕರಾರು.

“ಇದರಲ್ಲಿ ಇಲಿ ಎಷ್ಟು, ಐಸ್ ಎಷ್ಟು ನಡೀನ್?” ಎಂದು ಹೆಪ್ಪುಗಟ್ಟಿದ ಇಲಿಗಳ ಚೀಲವನ್ನು ಬೆಳಕಿಗೆ ಹಿಡಿದು ಕೇಳುತ್ತಿದ್ದ.

“ಅರ್ಧ ಇಲಿ, ಅರ್ಧ ನನ್ನ ಕಣ್ಣೀರು. ಬೇಕಾದ್ರೆ ತಗೋ, ಇಲ್ದಿದ್ರೆ ನಿನ್ನ ಹಾವುಗಳಿಗೆ ನಿನ್ನ ಹೆಂಡತಿ ಓಪಲ್ ಹತ್ರ ಪೈ ಮಾಡಿಸಿ ಹಾಕು.”

ಕೊಕೊಮೊ ಎಂಬ ನಮ್ಮ ಊರಾಚೆ ಇಪ್ಪತ್ತೆರಡು ವರ್ಷದಿಂದ ಇಲಿ ಸಾಕಿ ಮಾರುತ್ತಿದ್ದೇನೆ. ಸುತ್ತಲಿನ ಹಾವಿನವರೆಲ್ಲ ನನ್ನ ಗಿರಾಕಿಗಳು. ಯಾರು ಮೇಲೇಳುತ್ತಿದ್ದಾರೆ, ಯಾರು ಮುಳುಗುತ್ತಿದ್ದಾರೆ ಎನ್ನುವುದು ಅವರ ಹೆಂಡತಿಯರಿಗಿಂತ ಮೊದಲು ನನಗೆ ತಿಳಿಯುತ್ತದೆ. ವೆಂಡೆಲ್‌ನ ಕಥೆ ಹೇಳುವ ಹಕ್ಕು ಅದರಿಂದಲೇ ನನಗೆ ಬಂದದ್ದು. ಅದರಲ್ಲಿ ನನ್ನದೂ ಒಂದು ಪಾಲಿದೆ, ಮುಚ್ಚಿಡುವುದಿಲ್ಲ.

ವೆಂಡೆಲ್ ಇಪ್ಪತ್ತಾರು ವರ್ಷ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವನಾಗಿದ್ದ. ಎದುರಿಗೆ ಹಾದುಹೋಗುವ ಚಕ್ರಗಳಲ್ಲಿ ಕೂದಲೆಳೆಯಷ್ಟು ದೋಷ ಹುಡುಕುವುದು ಕೆಲಸ. ಆ ಕಣ್ಣನ್ನು ಮನೆಗೂ ತಂದ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ವೆಂಡೆಲ್ ಮಾತ್ರ ಕಲ್ಲು ಸಿಗದಿದ್ದರೆ ಮೊಸರು ಮಾರಿದವನ ಮೇಲೆ ಇನ್ನಷ್ಟು ಅನುಮಾನಪಡುತ್ತಿದ್ದ.

ಕಾರ್ಖಾನೆ ಬಿಟ್ಟಾಗ ಬಂದ ಹಣವನ್ನು ನೆಲಮಾಳಿಗೆಯಲ್ಲಿ ಬಾಲ್ ಪೈಥಾನ್‌ಗಳ ಮೇಲೆ ಸುರಿದ. ಹೆದರಿದರೆ ಚೆಂಡಿನ ಹಾಗೆ ಮುದುಡಿಕೊಳ್ಳುವ ಬಡಪಾಯಿ ಹೆಬ್ಬಾವು ಅದು. ಮಾಮೂಲಿ ಕಂದು ಮರಿಗೆ ಮೂವತ್ತು ಡಾಲರ್. ಅಪರೂಪದ ಬಣ್ಣದಲ್ಲಿ ಹುಟ್ಟಿತೋ, ಅದೇ ಹಾವಿಗೆ ಹಳೆ ಕಾರಿನ ಬೆಲೆ. ಆದರೆ ಆ ಬೆಲೆ ಹಾವಿನದಲ್ಲ, ‘ನನ್ನ ಹತ್ತಿರ ಇದೆ, ನಿನ್ನ ಹತ್ತಿರ ಇಲ್ಲ’ ಎನ್ನುವುದರದು. ಒಂದು ಜೊತೆ ಮಾರಿದಿರೋ, ಕೊಂಡವನು ಮೂರು ವರ್ಷದಲ್ಲಿ ನಿಮ್ಮ ಎದುರಿಗೇ ಮೇಜು ಹಾಕಿ ಅರ್ಧ ಬೆಲೆಗೆ ಮರಿ ಮಾರುತ್ತಾನೆ. ಹಾಗಾಗಿ ಈ ದಂಧೆಯಲ್ಲಿ ಎಲ್ಲರಿಗೂ ಅವಸರ, ಎಲ್ಲರಿಗೂ ಪಕ್ಕದವನ ಮೇಲೆ ಗುಮಾನಿ.

ಇನ್ನೊಂದು ತೊಡಕಿದೆ. ಕೆಲವು ಬಣ್ಣಗಳು ಬಚ್ಚಿಟ್ಟುಕೊಳ್ಳುತ್ತವೆ. ಹಾವು ನೋಡಲು ಮಾಮೂಲಿ ಕಂದು, ಆದರೆ ರಕ್ತದಲ್ಲಿ ಬಣ್ಣ ಹೊತ್ತಿರುತ್ತದೆ. ಅದನ್ನು ಅದೇ ಬಣ್ಣದ ಹೆಣ್ಣಿನ ಜೊತೆ ಬಿಟ್ಟರೆ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಣ್ಣದವು. ಇಂಥ ಒಳಬಣ್ಣದ ಹಾವಿಗೆ ಮಾಮೂಲಿಯ ಹತ್ತರಷ್ಟು ಬೆಲೆ, ಕಣ್ಣಿಗೆ ಮಾತ್ರ ಎಳ್ಳಷ್ಟೂ ವ್ಯತ್ಯಾಸ ಕಾಣದು. ಹಾವು ಬಿಟ್ಟ ಪೊರೆಯನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸುವುದೆಲ್ಲ ಆಮೇಲೆ ಬಂದದ್ದು. ಆಗ ಕೊಳ್ಳುವವನು ಕೊಡುತ್ತಿದ್ದ ದುಡ್ಡು ಮಾರುವವನ ಮಾತಿಗೆ.

ಲೋಕದಲ್ಲಿ ವೆಂಡೆಲ್ ಬರೀ ಬಾಯಿಮಾತಿನ ಮೇಲೆ ನಂಬಿದ್ದು ಒಬ್ಬನನ್ನೇ. ಎಮೆಟ್ ಸ್ಕಾಗ್ಸ್ ಶಾಲೆಯ ಬಸ್ಸು ಓಡಿಸುತ್ತಿದ್ದ, ಗ್ಯಾರೇಜಿನಲ್ಲಿ ಹಾವು ಸಾಕುತ್ತಿದ್ದ. ಮೊಟ್ಟೆಯನ್ನು ಎಲ್ಲಿ ಸೀಳಿದರೆ ಮರಿಗೆ ತಾಗುವುದಿಲ್ಲ ಎಂದು ವೆಂಡೆಲ್‌ಗೆ ಕೈ ಹಿಡಿದು ಕಲಿಸಿದವನು ಅವನೇ. ಹೊರಗಿನಿಂದ ಬಂದ ಹಾವನ್ನು ಮೂರು ತಿಂಗಳು ಬೇರೆ ಕಡೆ ಇಡಬೇಕೆಂದು ನಮ್ಮವರಲ್ಲಿ ಕಟ್ಟಳೆ. ಹುಳ, ರೋಗ ಇದ್ದರೆ ಉಳಿದವಕ್ಕೆ ಹತ್ತದಿರಲಿ ಎಂದು. ವೆಂಡೆಲ್ ಅದನ್ನು ನಾಲ್ಕು ತಿಂಗಳು ಮಾಡಿಕೊಂಡಿದ್ದ. “ನಮ್ಮಮ್ಮ ಬಂದ್ರೂ ಇವನು ಮೊದಲು ಗ್ಯಾರೇಜಲ್ಲೇ ಇಡೋದು” ಎಂದು ಅವನ ಹೆಂಡತಿ ಓಪಲ್ ನಗುತ್ತಿದ್ದಳು. ಎಮೆಟ್ ಕೊಟ್ಟ ಹಾವು ಮಾತ್ರ ಸೀದಾ ಒಳಗೆ, ಬೇರೆಯವುಗಳ ಪಕ್ಕಕ್ಕೇ. ಎಮೆಟ್‌ನ ಮನೆಯಲ್ಲೂ ವೆಂಡೆಲ್‌ನ ಹಾವಿಗೆ ಅದೇ ಮರ್ಯಾದೆ. ಅವರ ಸ್ನೇಹಕ್ಕೆ ಇದ್ದ ದಾಖಲೆ ಅಷ್ಟೇ, ಅಷ್ಟು ಸಾಕಾಗಿತ್ತು.

ಆ ವರ್ಷ ಕ್ಲೌನ್ ಎಂಬ ಬಣ್ಣಕ್ಕೆ ಎಲ್ಲರೂ ಬಾಯಿ ಬಿಡುತ್ತಿದ್ದರು. ಬೆನ್ನ ಮೇಲೆ ಉದ್ದಕ್ಕೆ ಒಂದೇ ಪಟ್ಟೆ, ಕಣ್ಣಿನ ಕೆಳಗೆ ಕಣ್ಣೀರಿನ ಗುರುತು. ವೆಂಡೆಲ್ ಬಳಿ ಒಂದು ದೊಡ್ಡ ಕ್ಲೌನ್ ಹೆಣ್ಣಿತ್ತು. ಹಿಂದಿನ ಚಳಿಗಾಲ ಅದನ್ನು ತನ್ನ ಹತ್ತಿರವೇ ಇದ್ದ, ಹಳದಿಹೊಟ್ಟೆ ಎಂಬ ಜಾತಿಯ ಗಂಡಿನ ಜೊತೆ ಬಿಟ್ಟಿದ್ದ; ಮೊಟ್ಟೆಯೇ ಇಡಲಿಲ್ಲ. ಈ ಸಲ ಎಮೆಟ್ ಕ್ಲೌನ್ ಒಳಬಣ್ಣದ ಗಂಡೊಂದನ್ನು ಮಾರಿದ. ಕೈಕುಲುಕಿದರು, ವ್ಯಾಪಾರ ಮುಗಿಯಿತು. ಏಳು ಮೊಟ್ಟೆ ಬಂದವು. ಮೂರಾದರೂ ಕ್ಲೌನ್ ಆಗಬೇಕು. ಒಂದೊಂದಕ್ಕೆ ನಾಲ್ಕು ಸಾವಿರ.

ಆಗಸ್ಟಿನಲ್ಲಿ ಏಳೂ ಮರಿಗಳು ತಲೆ ಹೊರಹಾಕಿದವು. ಏಳೂ ಕಂದು. ಒಂದರ ಕಣ್ಣಿನ ಕೆಳಗೂ ಗುರುತಿಲ್ಲ.

“ಏಳು ಸಲ ನಾಣ್ಯ ಚಿಮ್ಮಿದ್ರೆ ಏಳು ಸಲಾನೂ ತಲೆ ಬೀಳುತ್ತಾ, ನಡೀನ್?” ವೆಂಡೆಲ್ ನನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದ. ಮುಖ ಕಪ್ಪಿಟ್ಟಿತ್ತು. “ನನಗೆ ಅವನು ಮೂವತ್ತು ಡಾಲರ್ ಹಾವು ಮಾರಿದಾನೆ.”

“ಎಮೆಟ್ ಹಾಗೆ ಮಾಡೋನಲ್ಲಪ್ಪ. ಒಂದ್ಸಲ ಕೇಳಿ ನೋಡು.”

“ಕಳ್ಳನ್ನೇ ಕೇಳಬೇಕಾ? ಇಷ್ಟು ವರ್ಷ ನನ್ನ ನಂಬಿಸಿದ್ದೇ ಈ ಒಂದು ದಿನಕ್ಕೆ ಅಂತ ಈಗ ಗೊತ್ತಾಗ್ತಿದೆ.”

ಅನುಮಾನದ ಮನುಷ್ಯನ ಲಕ್ಷಣವೇ ಇದು. ಹತ್ತು ವರ್ಷದ ಒಳ್ಳೆಯತನ ಅವನಿಗೆ ಹತ್ತು ವರ್ಷದ ಸಂಚಾಗಿ ಕಾಣುತ್ತದೆ.

ಯಾವ ಮಾರಾಟಗಾರ ಎಂಥವನು ಎಂದು ಹಾವಿನವರು ಬರೆದುಕೊಳ್ಳುವ ಒಂದು ಪುಟ ಇಂಟರ್ನೆಟ್ಟಿನಲ್ಲಿತ್ತು. ದೊಡ್ಡ ಹಾವು ಕೊಳ್ಳುವ ಮುಂಚೆ ಎಲ್ಲರೂ ಅದನ್ನು ನೋಡುತ್ತಿದ್ದರು. ವೆಂಡೆಲ್ ಅಲ್ಲಿ ಎಮೆಟ್‌ನ ಹೆಸರು, ಊರು, ಏಳು ಮರಿಗಳ ಫೋಟೊ ಹಾಕಿ ಮೋಸಗಾರ ಎಂದು ಬರೆದ. ಎರಡು ಸಾವಿರ ಜನ ಓದಿದರು. ಎಮೆಟ್ ಉತ್ತರ ಬರೆಯಲಿಲ್ಲ. “ನನ್ನ ಮನೆಗೆ ಹತ್ತು ನಿಮಿಷದ ದಾರಿ. ಅವನು ಬಂದು ಕೇಳಲಿ” ಎಂದನಂತೆ. ಜನ ಆ ಮೌನವನ್ನೇ ತಪ್ಪೊಪ್ಪಿಗೆ ಮಾಡಿಕೊಂಡರು.

ಈಗ ನನ್ನ ಪಾಲು. ಇಂಡಿಯಾನಾಪೊಲಿಸ್‌ನಲ್ಲಿ ತಿಂಗಳಿಗೊಮ್ಮೆ ನಡೆಯುವ ಹಾವಿನ ಸಂತೆಯಲ್ಲಿ ಎಮೆಟ್‌ನ ಮೇಜು, ನನ್ನ ಮೇಜು ಒಂಬತ್ತು ವರ್ಷದಿಂದ ಅಕ್ಕಪಕ್ಕ. ಮಧ್ಯಾಹ್ನ ಅವನು ತಟ್ಟೆಗಿಂತ ಅಗಲವಾದ ಹಂದಿಮಾಂಸದ ಸ್ಯಾಂಡ್‌ವಿಚ್ ತಂದು ಅರ್ಧ ಮುರಿದು ನನಗೆ ಕೊಡುತ್ತಿದ್ದ. ಸೆಪ್ಟೆಂಬರಿನಲ್ಲಿ ನಾನು ಸಂತೆಯವರಿಗೆ ಹೇಳಿ ನನ್ನ ಮೇಜನ್ನು ಆಚೆ ಸಾಲಿಗೆ ಹಾಕಿಸಿಕೊಂಡೆ. ಕಳ್ಳನ ಪಕ್ಕದವಳ ಹತ್ತಿರ ಯಾರು ಇಲಿ ಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಮಧ್ಯಾಹ್ನ ಎಮೆಟ್ ಸ್ಯಾಂಡ್‌ವಿಚ್ಚನ್ನು ಒಬ್ಬನೇ ತಿನ್ನುತ್ತಿದ್ದುದನ್ನು ಎರಡು ಸಾಲಿನ ಆಚೆಯಿಂದ ನೋಡಿದೆ. ನಾಚಿಕೆಯಾಯಿತು. ಆದರೂ ಮೇಜನ್ನು ಹಿಂದಕ್ಕೆ ತರಲಿಲ್ಲ.

ಏಳರಲ್ಲಿ ಆರು ಮರಿಗಳನ್ನು ವೆಂಡೆಲ್ ಸಾಕುಪ್ರಾಣಿ ಅಂಗಡಿಗೆ ಸಗಟಿನಲ್ಲಿ ಕೊಟ್ಟ. ಉಳಿದ ಒಂದನ್ನು ನನ್ನ ಕೌಂಟರಿನ ಮೇಲಿಟ್ಟು, “ಇಟ್ಕೋ, ನಿನ್ನ ಇಲಿ ರುಚಿ ನೋಡೋಕೆ ಒಬ್ಬ ಬೇಕಲ್ಲ” ಎಂದ. ಎಮೆಟ್ ಮಾರಿದ ಗಂಡನ್ನು ಮಾತ್ರ ಕೊಡಲೂ ಇಲ್ಲ, ಮಾರಲೂ ಇಲ್ಲ. ಅದನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ದಪ್ಪ ಅಕ್ಷರದಲ್ಲಿ ‘ಸಾಕ್ಷಿ’ ಎಂದು ಬರೆದ. ಯಾವ ಕೋರ್ಟಿಗೆ ಎಂದು ನಾನು ಕೇಳಲಿಲ್ಲ.

ಜನವರಿಯಲ್ಲಿ ಎಮೆಟ್ ಇಲಿಗೆ ಬಂದ. ಮೊದಲು ಎಂಬತ್ತು ಒಯ್ಯುತ್ತಿದ್ದವನು ಈಗ ಇಪ್ಪತ್ತು ಕೇಳಿದ. ಕೌಂಟರಿನ ಮೇಲಿನ ಮರಿಯನ್ನು ನೋಡಿ, ಅಭ್ಯಾಸಬಲದಿಂದ ಎತ್ತಿ ಹೊಟ್ಟೆ ಮೇಲೆ ಮಾಡಿದ. ಕಿಟಕಿಯ ಬೆಳಕಿಗೆ ಹಿಡಿದ.

“ಇದು ಎಲ್ಲಿಂದ ಬಂತು?”

“ವೆಂಡೆಲ್ ಕೊಟ್ಟ. ಆ ಏಳರಲ್ಲಿ ಒಂದು.”

“ಹೊಟ್ಟೆಯ ಅಂಚು ನೋಡು, ಈ ಚುಕ್ಕಿ, ಈ ಹಳದಿ. ಇದು ಹಳದಿಹೊಟ್ಟೆ ನಡೀನ್, ಮೇಲಿಂದ ಮಾತ್ರ ಕಂದು. ಅವನ ಕ್ಲೌನ್ ಹೆಣ್ಣು ಆ ಜಾತಿ ಅಲ್ಲ. ನಾನು ಕೊಟ್ಟ ಗಂಡೂ ಅಲ್ಲ, ನನ್ನ ಮನೇಲಿ ಆ ಜಾತಿ ಒಂದೂ ಇಲ್ಲ.”

ನನಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಹೆಣ್ಣು ಹೆಬ್ಬಾವು ಗಂಡಿನ ಬೀಜವನ್ನು ಒಳಗೇ ವರ್ಷಗಟ್ಟಲೆ ಉಳಿಸಿಕೊಳ್ಳಬಲ್ಲದು. ಹಿಂದಿನ ವರ್ಷ ಮೊಟ್ಟೆಯಿಲ್ಲ, ಆದ್ದರಿಂದ ಏನೂ ಆಗಿಲ್ಲ ಎಂದುಕೊಂಡಿದ್ದ ವೆಂಡೆಲ್. ಆ ಏಳಕ್ಕೂ ಅಪ್ಪ ಅವನದೇ ಹಳೆಯ ಗಂಡು, ರಕ್ತದಲ್ಲಿ ಕ್ಲೌನ್ ಇಲ್ಲದ್ದು. ಗೇರ್ ಚಕ್ರದಲ್ಲಿ ಕೂದಲೆಳೆ ಹುಡುಕುತ್ತಿದ್ದ ಆ ಕಣ್ಣು ಏಳು ಮರಿಗಳ ಕಣ್ಣನ್ನಷ್ಟೇ ನೋಡಿತ್ತು, ಹೊಟ್ಟೆ ಮಗುಚಿ ನೋಡಿರಲಿಲ್ಲ.

“ಈಗಲೇ ಹೋಗಿ ಹೇಳ್ತೀನಿ” ಎಂದೆ.

“ಬೇಡ. ಮರಿ ಬದಲಾಯಿಸಿದ್ದು ನೀನೇ ಅಂತಾನೆ.”

ಅವನ ಮಾತು ಕೇಳದೆ ಮರಿ ಹಿಡಿದು ವೆಂಡೆಲ್ ಮನೆಗೆ ಹೋದೆ. ವೆಂಡೆಲ್ ಮರಿಯನ್ನು ದೀಪದ ಕೆಳಗೆ ಹಿಡಿದು ಹೊಟ್ಟೆ ನೋಡಿದ. ಆಮೇಲೆ ನನ್ನನ್ನು ನೋಡಿದ.

“ಇದು ನಾನು ಕೊಟ್ಟ ಮರೀನೇ ಅನ್ನೋದಕ್ಕೆ ಏನು ಗ್ಯಾರಂಟಿ? ಎಮೆಟ್ ನಿನಗೆ ಎಷ್ಟು ಕೊಟ್ಟ?”

“ನಿನ್ನ ತಕ್ಕಡಿಗೆ ಬೆಂಕಿ ಬೀಳ!” ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಓಪಲ್ ಮಹಡಿಯ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು, ಒಂದು ಮಾತಿಗೂ ಅಡ್ಡ ಬರಲಿಲ್ಲ.

ಆದರೆ ಅನುಮಾನಕ್ಕೆ ಒಡೆಯನೆಂಬ ಮುಲಾಜಿಲ್ಲ. ನಾನು ಹೋದ ಮೇಲೆ ಅದು ಅವನನ್ನೇ ಕೊರೆಯತೊಡಗಿತು. ಅವನ ಬಳಿ ಇನ್ನೊಂದು ಕ್ಲೌನ್ ಹೆಣ್ಣಿತ್ತು, ಮರಿಯಿಂದ ಸಾಕಿದ್ದು, ಗಂಡಿನ ಮುಖ ನೋಡದ್ದು. ‘ಸಾಕ್ಷಿ’ಯನ್ನು ಡಬ್ಬಿಯಿಂದ ತೆಗೆದು ಅದರ ಜೊತೆ ಬಿಟ್ಟ. ಯಾರಿಗೂ ಹೇಳಲಿಲ್ಲ. ಆಗಸ್ಟಿನಲ್ಲಿ ಐದು ಮೊಟ್ಟೆ ಸೀಳಿದಾಗ ಮೂರು ಮರಿಗಳ ಕಣ್ಣಿನ ಕೆಳಗೆ ಕಣ್ಣೀರಿತ್ತು.

ಆ ಹೊತ್ತಿಗೆ ಕ್ಲೌನ್ ಬೆಲೆ ಒಂದೂವರೆ ಸಾವಿರಕ್ಕೆ ಇಳಿದಿತ್ತು. ಅದು ಅವನನ್ನು ಬಾಧಿಸಿದ ಹಾಗೆ ಕಾಣಲಿಲ್ಲ. ಅದೇ ಪುಟದಲ್ಲಿ ತಪ್ಪು ತನ್ನದೆಂದು ನಾಲ್ಕು ಸಾಲು ಬರೆದ. ಓದಿದವರು ಹನ್ನೊಂದು ಜನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶನಿವಾರ ಬೆಳಿಗ್ಗೆ ನನ್ನ ಶೆಡ್ಡಿಗೆ ಬಂದ. ಕೈಯಲ್ಲಿ ತಕ್ಕಡಿ ಇರಲಿಲ್ಲ, ಬಟ್ಟೆಯ ಚೀಲವೊಂದಿತ್ತು.

“ಎಮೆಟ್ ಮನೆಗೆ ಹೋಗ್ಬೇಕು. ನೀನೂ ಬಾ ನಡೀನ್. ಒಬ್ಬನೇ ಹೋಗೋಕೆ ಆಗ್ತಿಲ್ಲ.”

ಬೈಯಬೇಕೆಂದು ಏಳು ತಿಂಗಳಿಂದ ಕೂಡಿಟ್ಟಿದ್ದೆ. ಅವನ ಮುಖ ನೋಡಿ, ಬೈಯುವ ಬದಲು ಶೆಡ್ಡಿಗೆ ಬೀಗ ಹಾಕಿದೆ. ನನಗೂ ಅಲ್ಲಿಗೆ ಹೋಗುವ ಕೆಲಸವಿತ್ತು.

ಎಮೆಟ್‌ನ ಗ್ಯಾರೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಡಬ್ಬಿಗಳು ಖಾಲಿ. ಕೊಳ್ಳುವವರಿಲ್ಲದ ಹಾವುಗಳನ್ನು ಒಂದೊಂದಾಗಿ ಬಂದ ಬೆಲೆಗೆ ಕೊಟ್ಟಿದ್ದ. ವೆಂಡೆಲ್ ಚೀಲ ಬಿಚ್ಚಿ ಮೂರರಲ್ಲಿ ಚೆಂದದ ಮರಿಯನ್ನು ಮುಂದೆ ಹಿಡಿದ.

“ನಿನ್ನ ಗಂಡಿನ ಮರಿ. ನೀನು ನಿಜ ಹೇಳಿದ್ದೆ. ತಪ್ಪು ನಂದು, ಎಮೆಟ್. ಇದು ನಿನಗೆ.”

“ನಾನೂ ಮೇಜು ಸರಿಸಿದೆ” ಎಂದೆ ನಾನು.

ಎಮೆಟ್ ನನ್ನ ಕಡೆ ತಲೆ ಆಡಿಸಿದ. ಮರಿಯನ್ನು ತೆಗೆದುಕೊಂಡ. ಕಣ್ಣಿನ ಕೆಳಗಿನ ಗುರುತು ನೋಡಿದ, ಮಗುಚಿ ಹೊಟ್ಟೆ ನೋಡಿದ, ಬಾಯಿ ಬಿಡಿಸಿ ಒಳಗೂ ನೋಡಿದ.

“ಇದರ ಅಪ್ಪ ಅಮ್ಮನ ಫೋಟೊ ತಂದಿದೀಯಾ?”

ವೆಂಡೆಲ್ ನಕ್ಕ. ಎಮೆಟ್ ನಗಲಿಲ್ಲ.

“ನಾ... ನಾಳೆ ತರ್ತೀನಿ.”

“ಸರಿ. ಇವತ್ತಿನ ತಾರೀಕು ಹಾಕಿ ಯಾವುದರ ಮರಿ ಅಂತ ಬರೆದು ಕೊಡು. ನಡೀನ್, ನೀನು ಸಾಕ್ಷಿ ಹಾಕು.”

ಬಸ್ಸಿನ ಪಾಳಿ ಬರೆಯುವ ಹಾಳೆಯ ಹಿಂಬದಿಯಲ್ಲಿ ವೆಂಡೆಲ್ ಬರೆದ. ನಾನು ರುಜು ಹಾಕಿದೆ. ಎಮೆಟ್ ಓದಿ, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟ. ಕೋಪವಿರಲಿಲ್ಲ. ಹೊಸ ಗಿರಾಕಿಯ ಜೊತೆ ಇರುವಷ್ಟೇ ಮರ್ಯಾದೆಯಿಂದ ಕೈಕುಲುಕಿದ.

ಗೋಡೆಯ ಉದ್ದಕ್ಕೆ ಅಷ್ಟೊಂದು ಡಬ್ಬಿಗಳು ಖಾಲಿ ಇದ್ದವು. ಅವನು ಮರಿಯನ್ನು ಅದರಲ್ಲಿ ಯಾವುದಕ್ಕೂ ಬಿಡಲಿಲ್ಲ. ಬೇರೆ ಡಬ್ಬಿ ತಂದು ಅದರಲ್ಲಿ ಹಾಕಿದ. ಮುಚ್ಚಳದ ಮೇಲೆ ಅಂದಿನ ತಾರೀಕು, ಅದರ ಕೆಳಗೆ ಮೂರು ತಿಂಗಳಾಚೆಯ ತಾರೀಕು ಬರೆದು, ಅಂಗಳದಾಚೆಯ ಶೆಡ್ಡಿಗೆ ಒಯ್ದಿಟ್ಟು ಬಂದು ಕೈ ತೊಳೆದುಕೊಂಡ.